ಕೆಳಗೆ ಬಿದ್ದದ್ದು

ಕಾಲೇಜಿನವರು ನಲವತ್ತು ನಿಮಿಷ ಕೊಟ್ಟಿದ್ದಾರೆ ನನಗೆ.
ವಿಷಯ: ಸಾಫ್ಟ್‌ವೇರಿನಲ್ಲಿ ಸಾರ್ಥಕ ವೃತ್ತಿ.
ಸ್ಲೈಡು ತೆರೆದು ಕೂತಿದ್ದೇನೆ, ಮೊದಲ ಪುಟ ಬಿಳಿ.
ದಾವಣಗೆರೆಯ ಎಪಿಎಂಸಿ ಯಾರ್ಡಿನ ಕಡೆಯಿಂದ
ಮೆಕ್ಕೆಜೋಳದ ಹೊಟ್ಟು ಹಾರಿ ಬಂದು
ಕೀಬೋರ್ಡಿನ ಸಂದಿಯಲ್ಲಿ ಕೂರುತ್ತದೆ.
ಹದಿನೇಳು ವರ್ಷದಿಂದ ಊದುತ್ತಿದ್ದೇನೆ.

ಯಾವ ಭಾಷೆ ಕಲಿಯಬೇಕು ಮೇಡಂ, ಅನ್ನುತ್ತಾರೆ.
ಯಾವುದಾದರೂ. ನಾನು ಕಲಿತದ್ದರಲ್ಲಿ ಎರಡು ಈಗ ಸತ್ತಿವೆ,
ಅವುಗಳಲ್ಲಿ ಬರೆದ ಲೆಕ್ಕ ಬದುಕಿದೆ.

ಆ ದಿನ ಕಲ್ಲೇಶಪ್ಪನವರ ಮಂಡಿಯಲ್ಲಿ ಪ್ರಿಂಟರ್ ಕೈಕೊಟ್ಟಿತ್ತು.
ರಿಪೇರಿ ಹುಡುಗ ಬರುವ ತನಕ
ಕಾಟಾದ ಪಕ್ಕ ಚೀಲದ ಮೇಲೆ ಕೂತೆ.
ಹನುಮಕ್ಕ ಗುಡಿಸುತ್ತಿದ್ದಳು.
ಹೊಲಿಗೆ ಬಿಟ್ಟು ಉದುರಿದ್ದು, ಕೊಕ್ಕೆ ಹಾಕುವಾಗ ಚೆಲ್ಲಿದ್ದು,
ಮಣ್ಣು ಕಲ್ಲು ಬೀಡಿತುಂಡಿನ ಜೊತೆ ಎಲ್ಲ ಮೊರಕ್ಕೆ.
ಕೇರಿ, ಕೇರಿ, ಸಂಜೆಗೆ ಎರಡು ಸೇರು.
"ಕೆಳಗ ಬಿದ್ದದ್ದು ಯಾರದ್ದೂ ಅಲ್ಲ ಅಂತಾರಲ್ಲ,
ಅದಕ್ಕ ನಂದು" ಅಂದಳು.

ಯಾಕೋ ನನ್ನದೇ ಒಂದು ಸಾಲು ನೆನಪಾಯಿತು.
ಹಮಾಲಿ ಲೆಕ್ಕದ ಕೊನೆಗೆ,
ಹನ್ನೊಂದು ವರ್ಷದ ಹಿಂದೆ, ಊಟಕ್ಕೆ ಹೊತ್ತಾಯಿತೆಂದು
ಬರೆದು ಎದ್ದ ಸಾಲು:
ಫ್ಲೋರ್.
ಅಂದರೆ ನೆಲ. ಅಂದರೆ ರೂಪಾಯಿಯ ಬಾಲದಲ್ಲಿರುವ ಪೈಸೆಯನ್ನು
ಕೆಳಗೆ ಚೆಲ್ಲು, ತಿರುಗಿ ನೋಡಬೇಡ.

ಚೀಲಕ್ಕೆ ಆರು ಮೂವತ್ತೈದು. ಹದಿಮೂರು ಚೀಲ.
ಎಂಬತ್ತೆರಡು ರೂಪಾಯಿ ಐವತ್ತೈದು ಪೈಸೆ.
ಪಟ್ಟಿಯಲ್ಲಿ ಎಂಬತ್ತೆರಡು.
ಐವತ್ತೈದನ್ನು ಗುಡಿಸಿಕೊಳ್ಳಲು
ನನ್ನ ನೆಲದ ಮೇಲೆ ಯಾವ ಹನುಮಕ್ಕನೂ ಇರಲಿಲ್ಲ.

ರಾತ್ರಿ ಹಳೆಯ ಬ್ಯಾಕಪ್ಪುಗಳನ್ನೆಲ್ಲ ಬಿಚ್ಚಿದೆ.
ಶಾಹಿಸ್ತಾ ಜೊತೆಗಿದ್ದಳು, ಸೇರಿ ಎರಡೇ ತಿಂಗಳು,
ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದಳು. ಆರಿ ಹೋಯಿತು.
ಒಂದು ಮಂಡಿ, ಎಂಟು ಹಮಾಲರ ಒಂದು ಗುಂಪು:
ನಲವತ್ನಾಲ್ಕು ಸಾವಿರದ ಚಿಲ್ಲರೆ.
ಇಂಥ ಮಂಡಿ ಹತ್ತೊಂಬತ್ತು.
"ಅಕ್ಕ, ಇದನ್ನ ಬರೆದವರು ಯಾರು?"
ಸಾಲಿನ ಪಕ್ಕ ನನ್ನ ಹೆಸರೇ ಇತ್ತು.

ಮುರುಗೇಂದ್ರ ಸರ್ ಹೇಳಿದರು, ಹೊಸ ವರ್ಷನ್ನಿನಲ್ಲಿ ಸುಮ್ಮನೆ ತಿದ್ದು,
ಹಳೆಯದನ್ನು ಯಾರು ಕೇಳುತ್ತಾರೆ.
ಅವರು ಕೆಟ್ಟವರಲ್ಲ. ನಮ್ಮ ಹನ್ನೆರಡು ಜನರ ಸಂಬಳ
ಒಂದು ತಿಂಗಳೂ ನೆಲಕ್ಕೆ ಬಿದ್ದಿಲ್ಲ.

ಬೆಳಿಗ್ಗೆ ನಾನೇ ಹೋದೆ. ದುಗ್ಗಪ್ಪ
ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿ ಎಲೆ ಅಡಿಕೆ ಹಾಕುತ್ತಿದ್ದ.
ಹೇಳಿದೆ. ಅಂಕಿ ಬರೆದ ಹಾಳೆ ಕೊಟ್ಟೆ.
ತಿರುಗಿಸಿ ನೋಡಿದ, ಹಿಂದೆ ಏನೂ ಇರಲಿಲ್ಲ.
"ನಮಗ ಗೊತ್ತಿತ್ತವ್ವ.
ಮಷೀನಿಗೂ ಹೊಟ್ಟಿ ಐತಿ, ತಿನ್ನಲಿ ಬಿಡು ಅಂತಿದ್ವಿ.
ಅದನ್ನ ಒಬ್ರು ಕುಂತು ಬರೀತಾರ ಅಂತ
ಗೊತ್ತಿರಲಿಲ್ಲ."

ಬೈದಿದ್ದರೆ ಚೆನ್ನಾಗಿತ್ತು.

ಆಮೇಲಿನದು ಸ್ಲೈಡಿಗೆ ಹಿಡಿಸುವ ಕಥೆಯಲ್ಲ.
ಕಲ್ಲೇಶಪ್ಪನವರು ದೀಪಾವಳಿ ಪೂಜೆಯ ದಿನ ಕೊಟ್ಟರು, ಪೂರ್ತಿಯಲ್ಲ.
ಇನ್ನೂ ಐದು ಮಂಡಿಯವರು ಕೊಟ್ಟರು. ಇಬ್ಬರು
ನಮ್ಮ ಸಾಫ್ಟ್‌ವೇರನ್ನೇ ಬಿಟ್ಟರು.
ಉಳಿದವರು ನೋಡೋಣ ಅಂದರು, ನೋಡುತ್ತಲೇ ಇದ್ದಾರೆ.
ಆ ವರ್ಷ ನನಗೆ ಇನ್‌ಕ್ರಿಮೆಂಟ್ ಇರಲಿಲ್ಲ.
ನಿದ್ದೆ ಮಾತ್ರ ಬರುತ್ತಿತ್ತು.

ಈಗ ಹೊಸಬರು ಸೇರಿದರೆ
ಶಾಹಿಸ್ತಾ ಮೊದಲ ವಾರ ಯಾರ್ಡಿಗೆ ಕರೆದೊಯ್ಯುತ್ತಾಳೆ,
ಲ್ಯಾಪ್‌ಟಾಪ್ ಇಲ್ಲದೆ. ಧೂಳಿಗೆ ಸೀನುತ್ತಾರೆ.
ಇಬ್ಬರು ಹಿಡಿದೂ ಒಂದು ಚೀಲ ಎತ್ತಲಾರದೆ
ನಗುತ್ತಾರೆ, ಆಮೇಲೆ ನಗುವುದಿಲ್ಲ.
ನಾನು ಕಲಿಸಿದ್ದಲ್ಲ, ಅವಳೇ ಕಂಡುಕೊಂಡದ್ದು.

ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ
ಎಂದು ಸಂದರ್ಶನದಲ್ಲಿ ಕೇಳುತ್ತಾರೆ.
ನಿಮ್ಮ ಸಾಲುಗಳು ಎಲ್ಲಿರುತ್ತವೆ, ಯಾರ ಹೆಗಲ ಮೇಲೆ,
ಯಾರೂ ಕೇಳುವುದಿಲ್ಲ.

ಬಿಳಿ ಪುಟದ ನಡುವೆ ಇಷ್ಟು ಟೈಪಿಸಿ ಎದ್ದಿದ್ದೇನೆ:
ಎಂಬತ್ತೆರಡು ಐವತ್ತೈದು.
ಉಳಿದ ಮೂವತ್ತೊಂಬತ್ತು ನಿಮಿಷ
ನಿಮ್ಮ ಪ್ರಶ್ನೆಗೆ.